ಹಳೆಯ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿಕೊಡುವಾಗ ನಾನು ಕಲಿತದ್ದು

ನಮ್ಮ ಬಡಾವಣೆಯ ವಾಚನಾಲಯದ ಹಿಂದಿನ ಕೊಠಡಿಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ನಾವು ಮೂವರು ಸ್ನೇಹಿತರು ಸೇರಿ, ಜನರು ತರುವ ಹಳೆಯ ಕಂಪ್ಯೂಟರ್‌ಗಳಿಗೆ ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಯನ್ನು ಹಾಕಿಕೊಡುತ್ತೇವೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಬರುವವರ ಸಂಖ್ಯೆ ಹೆಚ್ಚಾಗಿದೆ. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇರುವ ಹೊಸ ಯಂತ್ರಗಳನ್ನು ಬಯಸುವುದರಿಂದ, ಯಾವ ದೋಷವೂ ಇಲ್ಲದ ಎಷ್ಟೋ ಲ್ಯಾಪ್‌ಟಾಪ್‌ಗಳು ಮನೆಯ ಅಟ್ಟ ಸೇರುತ್ತಿವೆ.

ಯಂತ್ರ ಬಂದೊಡನೆ ನಾವು ಮೊದಲು ಅದನ್ನು ಬಿಚ್ಚಿ ಧೂಳು ತೆಗೆಯುತ್ತೇವೆ, ರ‍್ಯಾಮ್‌ನ ತುದಿಗಳನ್ನು ರಬ್ಬರಿನಿಂದ ಉಜ್ಜುತ್ತೇವೆ. ಮದರ್‌ಬೋರ್ಡ್‌ನ ಗಡಿಯಾರವನ್ನು ನಡೆಸುವ, ಬಿಲ್ಲೆಯಾಕಾರದ ಸಿಆರ್2032 ಬ್ಯಾಟರಿ ಸತ್ತಿದ್ದರೆ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿ, ಬ್ರೌಸರ್ ಯಾವ ಸುರಕ್ಷಿತ ಜಾಲತಾಣವನ್ನೂ ತೆರೆಯುವುದಿಲ್ಲ. ‘ಇಂಟರ್ನೆಟ್ ಕೆಟ್ಟಿದೆ’ ಎಂದು ತಂದ ಕೆಲವು ಯಂತ್ರಗಳು ಆ ಬಿಲ್ಲೆಯನ್ನು ಬದಲಿಸಿದ ಮಾತ್ರಕ್ಕೆ ಸರಿಹೋಗಿವೆ. ಹಾರ್ಡ್ ಡಿಸ್ಕ್ ತೆಗೆದು, ಕಡತಗಳನ್ನು ಹೆಚ್ಚು ವೇಗವಾಗಿ ಓದುವ ಎಸ್ಎಸ್‌ಡಿ ಹಾಕುವಷ್ಟು ವ್ಯತ್ಯಾಸವನ್ನು ಬೇರೆ ಯಾವ ಖರ್ಚೂ ತರುವುದಿಲ್ಲ. 4 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್ಎಫ್‌ಸಿಇ ಎಂಬ ಹಗುರ ಆವೃತ್ತಿಯನ್ನು ಹಾಕುತ್ತೇವೆ. 32 ಬಿಟ್ ಪ್ರೊಸೆಸರ್‌ನ ಬಹಳ ಹಳೆಯ ಯಂತ್ರಗಳಿಗೆ ಡೆಬಿಯನ್ 12 ಎಂಬ ಇನ್ನೊಂದು ಲಿನಕ್ಸ್ ಹಾಕಬಹುದಾದರೂ, 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಅವುಗಳಿಗೆ ಇನ್‌ಸ್ಟಾಲರ್ ಇಲ್ಲವೆಂಬುದನ್ನು ಮೊದಲೇ ತಿಳಿಸುತ್ತೇವೆ.

ಆರಂಭದ ದಿನಗಳಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಮಹಿಳಾ ಸಂಘವೊಂದರ ಕಂಪ್ಯೂಟರಿನಲ್ಲಿ ಡಾಕ್ಯುಮೆಂಟ್ಸ್ ಫೋಲ್ಡರನ್ನು ಮಾತ್ರ ನಕಲು ಮಾಡಿಕೊಂಡು ಡಿಸ್ಕ್ ಅಳಿಸಿಬಿಟ್ಟೆ; ಅವರ ಸಭಾ ನಡವಳಿಗಳು ಡಿ ಡ್ರೈವ್‌ನಲ್ಲಿದ್ದವು. ಅಳಿಸಿಹೋದ ಕಡತಗಳನ್ನು ಹುಡುಕಿಕೊಡುವ ಫೋಟೋರೆಕ್ ತಂತ್ರಾಂಶ ಬಳಸಿ ಸುಮಾರು ಅರ್ಧದಷ್ಟನ್ನು ಮರಳಿ ಪಡೆದೆವು, ಉಳಿದದ್ದು ಹೋಯಿತು. ಅಂದಿನಿಂದ ಇಡೀ ಡಿಸ್ಕಿನ ಪ್ರತಿ ತೆಗೆದು, ಮಾಲೀಕರೇ ತಮ್ಮ ಕಡತಗಳನ್ನು ತೆರೆದು ನೋಡಿದ ಬಳಿಕವಷ್ಟೇ ಮುಂದುವರಿಯುತ್ತೇವೆ.

ಲಿನಕ್ಸ್ ಹಾಕುವುದಕ್ಕೆ ಅರ್ಧ ಗಂಟೆ ಸಾಕು. ಆದರೆ ಆ ಯಂತ್ರವನ್ನು ಮನೆಯಲ್ಲಿ ಬಳಸುತ್ತಾರೋ ಬಿಡುತ್ತಾರೋ ಎಂಬುದನ್ನು ನಿರ್ಧರಿಸುವುದು ಕನ್ನಡ. ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚು ಕಲಿತವರ ಕೈ ಒತ್ತಕ್ಷರಕ್ಕೆ ತಾನಾಗಿಯೇ ಎಫ್ ಕೀಲಿಗೆ ಹೋಗುತ್ತದೆ. ಅವರಿಗೆ ಇನ್‌ಸ್ಕ್ರಿಪ್ಟ್ ಎಂಬ ಬೇರೆ ಕೀಲಿಮಣೆ ವಿನ್ಯಾಸ ಕೊಟ್ಟರೆ ಮರುದಿನವೇ ಯಂತ್ರ ಹಿಂದಿರುಗುತ್ತದೆ. ಆದ್ದರಿಂದ ಲಿನಕ್ಸ್‌ನಲ್ಲಿ ಭಾಷೆಗಳನ್ನು ಟೈಪಿಸಲು ನೆರವಾಗುವ ಐಬಸ್ ಜೊತೆಗೆ ಎಂ17ಎನ್ ಪ್ಯಾಕೇಜನ್ನೂ ಸೇರಿಸಿ, ನುಡಿಯಲ್ಲಿರುವ ಕೆಜಿಪಿ ಕೀಲಿಮಣೆ ವಿನ್ಯಾಸವನ್ನು ಆರಿಸಿ, ಗುಬ್ಬಿ ಮತ್ತು ನವಿಲು ಫಾಂಟ್‌ಗಳನ್ನು ಹಾಕಿ, ಅವರಿಂದಲೇ ಒಂದು ಪತ್ರ ಬರೆಸಿದ ಮೇಲೆ ಯಂತ್ರವನ್ನು ಕೈಗೊಪ್ಪಿಸುತ್ತೇವೆ.

ಹಳೆಯ ಕಡತಗಳ ಕಷ್ಟ ಇದಕ್ಕಿಂತ ಆಳವಾದದ್ದು. ಎಲ್ಲ ಭಾಷೆಗಳ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯುನಿಕೋಡ್‌ಗಿಂತ ಹಿಂದಿನ ನುಡಿ ಫಾಂಟ್‌ಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದೆಡೆ ಕಡತ ತೆರೆದರೆ ಅರ್ಥವಿಲ್ಲದ ಅಕ್ಷರಗಳ ರಾಶಿ ಕಾಣುತ್ತದೆ. ಅವನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕ ತಂತ್ರಾಂಶಗಳಿವೆ, ಆದರೆ ಅವುಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಅರ್ಕಾವತ್ತು ಹಳೆಯ ಕಡತದಲ್ಲಿ ಅಕ್ಷರದ ನಂತರ ಇರುತ್ತದೆ, ಯುನಿಕೋಡ್‌ನಲ್ಲಿ ಮೊದಲು ಬರಬೇಕು. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡವಾಗಿ ಕಲಸಿಹೋಗುತ್ತವೆ.

ತೆರಿಗೆ ಕೆಲಸಕ್ಕೆ ಡಿಜಿಟಲ್ ಸಹಿಯ ಟೋಕನ್ ಬಳಸುವವರಿಗೆ, ಟ್ಯಾಲಿ ತಂತ್ರಾಂಶದಲ್ಲಿ ಲೆಕ್ಕ ಇಡುವ ಅಂಗಡಿಯವರಿಗೆ, ಆ ಕೆಲಸಗಳು ಲಿನಕ್ಸ್‌ನಲ್ಲಿ ಸಲೀಸಾಗಿ ನಡೆಯದ ಕಾರಣ, ನಾವು ಲಿನಕ್ಸ್ ಬೇಡವೆಂದೇ ಹೇಳುತ್ತೇವೆ. ಅವರ ದುಡಿಮೆ ನಮ್ಮ ಉತ್ಸಾಹಕ್ಕಿಂತ ಮುಖ್ಯ.

ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ತಂದ ಡೆಸ್ಕ್‌ಟಾಪ್‌ನಲ್ಲಿ ಅವರು ವರ್ಷಗಟ್ಟಲೆ ಕಲೆಹಾಕಿದ ಜನಪದ ಗೀತೆಗಳೆಲ್ಲ ಹಳೆಯ ನುಡಿಯಲ್ಲಿದ್ದವು. ಈಗ ವಾರಕ್ಕೆರಡು ಕಡತಗಳನ್ನು ನಾನು ಪರಿವರ್ತಿಸಿ ಮುದ್ರಿಸಿ ಕೊಡುತ್ತೇನೆ. ಅವರು ಕೆಂಪು ಶಾಯಿಯಲ್ಲಿ ತಪ್ಪು ಗುರುತಿಸಿ ತರುತ್ತಾರೆ, ಭಾನುವಾರ ಇಬ್ಬರೂ ಪಕ್ಕಪಕ್ಕ ಕುಳಿತು ತಿದ್ದುತ್ತೇವೆ.