ಮಳೆಗಾಲದ ಫ್ಲೂಗೆ ನಮ್ಮ ಮನೆಯ ತಯಾರಿ

ಫ್ಲೂ ಅಂದರೆ ಚಳಿಗಾಲದ ಕಾಯಿಲೆ ಅನ್ನುವ ಲೆಕ್ಕ ಯುರೋಪಿಗೆ ಸರಿ. ನಮ್ಮಲ್ಲಿ ಅದು ವರ್ಷಕ್ಕೆ ಎರಡು ಸಲ ತಲೆ ಎತ್ತುತ್ತದೆ. ಮಳೆಯ ಜೊತೆ ಜುಲೈನಿಂದ ಸೆಪ್ಟೆಂಬರ್‌ವರೆಗೆ ಒಮ್ಮೆ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಮ್ಮೆ. ಶಾಲೆ ಶುರುವಾದ ಮೇಲೆ ಓಡಾಡಿ ಪ್ರಯೋಜನವಿಲ್ಲ. ಅದಕ್ಕೇ ಬೆಂಗಳೂರಿನ ನಮ್ಮ ಮನೆಯಲ್ಲಿ ಈ ಕೆಲಸ ಮೇ ತಿಂಗಳಲ್ಲೇ ಮುಗಿಯಬೇಕು.

ಮೊದಲು ಲಸಿಕೆ. ಹಾಕಿಸಿಕೊಂಡ ಮೇಲೆ ರಕ್ಷಣೆ ಬರಲು ಸುಮಾರು ಎರಡು ವಾರ ಬೇಕು. ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ಲಸಿಕೆಯ ಸೂತ್ರವನ್ನೂ ವರ್ಷಕ್ಕೆ ಎರಡು ಸಲ, ಭೂಮಿಯ ಉತ್ತರಾರ್ಧಕ್ಕೊಮ್ಮೆ ದಕ್ಷಿಣಾರ್ಧಕ್ಕೊಮ್ಮೆ, ಪರಿಷ್ಕರಿಸುತ್ತಾರೆ. ಮೇ ಹೊತ್ತಿಗೆ ಕೇಳಬೇಕಾದದ್ದು ಆ ವರ್ಷದ ‘ಸದರ್ನ್ ಹೆಮಿಸ್ಫಿಯರ್’ (ದಕ್ಷಿಣಾರ್ಧ ಗೋಳದ) ಲಸಿಕೆ. ಕ್ಲಿನಿಕ್‌ನ ಫ್ರಿಜ್‌ನಲ್ಲಿ ಹಿಂದಿನ ಸೀಸನ್ನಿನದು ಉಳಿದಿರಬಹುದು, ಆದ್ದರಿಂದ ಡಬ್ಬಿ ಕೈಗೆ ತೆಗೆದುಕೊಂಡು ಸೀಸನ್ ಮತ್ತು ಅವಧಿ ಎರಡನ್ನೂ ನಾವೇ ಓದುತ್ತೇವೆ. ಒಂಬತ್ತು ವರ್ಷ ತುಂಬದ ಮಗುವಿಗೆ ಜೀವನದಲ್ಲಿ ಮೊದಲ ಸಲ ಹಾಕಿಸುವುದಾದರೆ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕು. ಅಂಥ ಮನೆಯವರು ಆ ವರ್ಷದ ಲಸಿಕೆ ಬಂದ ಕೂಡಲೇ ಶುರು ಮಾಡಬೇಕು. ಆರು ತಿಂಗಳೊಳಗಿನ ಕೂಸಿಗೆ ಈ ಲಸಿಕೆ ಇಲ್ಲ. ತಾಯಿ ಬಸುರಿಯಾಗಿದ್ದಾಗ ಹಾಕಿಸಿಕೊಂಡದ್ದು ಮತ್ತು ಸುತ್ತಲಿನವರು ಹಾಕಿಸಿಕೊಂಡದ್ದೇ ಅದಕ್ಕೆ ಆಸರೆ. ‘ಸೂಜಿ ಹಾಕಿಸಿದ್ದಕ್ಕೇ ಫ್ಲೂ ಬಂತು’ ಎನ್ನುವವರು ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ. ಈ ಚುಚ್ಚುಮದ್ದಿನಲ್ಲಿ ಜೀವಂತ ವೈರಸ್ ಇರುವುದಿಲ್ಲ. ತೋಳು ನೋವು, ಒಂದು ದಿನ ಸಣ್ಣ ಜ್ವರ ಬರಬಹುದು, ಫ್ಲೂ ಬರುವುದಿಲ್ಲ.

ಇನ್ನು ಔಷಧಿ ಡಬ್ಬಿ. ಅತಿ ಹೆಚ್ಚು ಎಡವಟ್ಟು ಆಗುವುದು ಪ್ಯಾರಾಸಿಟಮಾಲ್ ಸಿರಪ್‌ನಲ್ಲಿ. ಅಂಗಡಿಯಲ್ಲಿ 5 ಮಿಲಿಗೆ 120 ಅಥವಾ 125 ಮಿಲಿಗ್ರಾಂನ ಬಾಟಲಿ ಸಿಗುತ್ತದೆ, 250 ಮಿಲಿಗ್ರಾಂನದೂ ಸಿಗುತ್ತದೆ. ಶಿಶುಗಳ ಡ್ರಾಪ್ಸ್‌ನಲ್ಲಾದರೆ ಸಾಮಾನ್ಯವಾಗಿ 1 ಮಿಲಿಯಲ್ಲೇ 100 ಮಿಲಿಗ್ರಾಂ. ಮಗುವಿನ ಡೋಸ್ ಲೆಕ್ಕ ಹಾಕುವುದು ತೂಕದ ಮೇಲೆ, ಕಿಲೋಗೆ 10ರಿಂದ 15 ಮಿಲಿಗ್ರಾಂ. 12 ಕಿಲೋ ಮಗು ಅಂದುಕೊಳ್ಳಿ. ಹೆಚ್ಚೆಂದರೆ 180 ಮಿಲಿಗ್ರಾಂ. 120ರ ಸಿರಪ್ಪಾದರೆ ಅದು 7.5 ಮಿಲಿ, 250ರದ್ದಾದರೆ 3.6 ಮಿಲಿ. ಹಳೆ ಬಾಟಲಿ ಮುಗಿದು ಅಂಗಡಿಯವರು 250ರದ್ದು ಕೊಟ್ಟರು, ಅಜ್ಜಿ ರೂಢಿಯಂತೆ ಏಳೂವರೆ ಮಿಲಿ ಕುಡಿಸಿದರು ಅಂದರೆ ಮಗುವಿನ ಹೊಟ್ಟೆಗೆ ಹೋದದ್ದು 375 ಮಿಲಿಗ್ರಾಂ. ಎರಡರಷ್ಟು! ಹಾಗಾಗಿ ಮನೆಯಲ್ಲಿ ಒಂದೇ ಶಕ್ತಿಯ ಬಾಟಲಿ ಇಟ್ಟುಕೊಂಡು, ಮಗುವನ್ನು ಆ ತಿಂಗಳು ತೂಗಿ, ಡಾಕ್ಟರಿಗೆ ತೋರಿಸಿ, ‘ಒಂದು ಸಲಕ್ಕೆ ಇಷ್ಟು ಮಿಲಿ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕೇ ಸಲ’ ಎಂದು ಬಾಟಲಿಗೇ ಟೇಪ್ ಹಚ್ಚಿ ಬರೆದಿಡುತ್ತೇವೆ. ಅಳೆಯಲು ಸೂಜಿಯಿಲ್ಲದ 5 ಮಿಲಿ ಸಿರಿಂಜ್. ಅಡುಗೆಮನೆಯ ಚಮಚ ಒಂದೊಂದು ಒಂದೊಂದು ಅಳತೆ, ನಂಬುವಂತಿಲ್ಲ.

ದೊಡ್ಡವರ ತಪ್ಪು ಬೇರೆ ಥರದ್ದು. 650ರ ಗುಳಿಗೆ ನುಂಗಿ, ಮೇಲೆ ನೆಗಡಿ ಮಾತ್ರೆಯನ್ನೂ ನುಂಗುತ್ತಾರೆ. ಬಹಳಷ್ಟು ನೆಗಡಿ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಇದ್ದೇ ಇರುತ್ತದೆ. ಸ್ಟ್ರಿಪ್ಪಿನ ಹಿಂಬದಿ ಓದದೆ ಎರಡನ್ನೂ ಕೊಡಬೇಡಿ. ಆಸ್ಪಿರಿನ್, ಐಬುಪ್ರೊಫೆನ್ ನಮ್ಮ ಡಬ್ಬಿಯಲ್ಲಿ ಇಲ್ಲ. ಮಕ್ಕಳ ಫ್ಲೂನಲ್ಲಿ ಆಸ್ಪಿರಿನ್ ಕೊಟ್ಟರೆ ಲಿವರ್ ಮತ್ತು ಮಿದುಳಿಗೆ ಪೆಟ್ಟು ಬೀಳುವ ರೇಯ್ಸ್ ಸಿಂಡ್ರೋಮ್‌ನ ಅಪಾಯವಿದೆ. ಅದಕ್ಕಿಂತ ಮುಖ್ಯವಾಗಿ, ಮಳೆಗಾಲದ ಜ್ವರ ಡೆಂಗಿಯೂ ಆಗಿರಬಹುದು, ಡೆಂಗಿಯಲ್ಲಿ ಇವೆರಡೂ ರಕ್ತಸ್ರಾವ ಹೆಚ್ಚಿಸುತ್ತವೆ. ಕೆಮ್ಮು, ಗಂಟಲು ಕೆರೆತವಿಲ್ಲದೆ ಬರೀ ಜ್ವರ ಮತ್ತು ಕಣ್ಣಿನ ಹಿಂದೆ ನೋವು ಇದ್ದರೆ ಫ್ಲೂ ಎಂದು ಕೂರದೆ ರಕ್ತ ಪರೀಕ್ಷೆಗೆ ಹೋಗುತ್ತೇವೆ.

ಫ್ಲೂ ವೈರಸ್ಸನ್ನು ತಡೆಯುವ ಔಷಧಿ ಒಸೆಲ್ಟಾಮಿವಿರ್ ತಂದು ಇಟ್ಟುಕೊಳ್ಳುವ ವಸ್ತುವಲ್ಲ, ಚೀಟಿಯಿಲ್ಲದೆ ಕೊಡುವಂತೆಯೂ ಇಲ್ಲ. ಆದರೆ ಅದು ಚೆನ್ನಾಗಿ ಕೆಲಸ ಮಾಡುವುದು ಲಕ್ಷಣ ಶುರುವಾದ 48 ಗಂಟೆಯೊಳಗೆ ಆರಂಭಿಸಿದರೆ. ಆದ್ದರಿಂದ 65 ದಾಟಿದವರು, ಬಸುರಿ, ಐದು ವರ್ಷದೊಳಗಿನ ಮಗು, ಸಕ್ಕರೆ ಕಾಯಿಲೆ, ಆಸ್ತಮಾ ಇರುವವರಿಗೆ ಜ್ವರ ಬಂದರೆ ಮೊದಲ ದಿನವೇ ಡಾಕ್ಟರಿಗೆ ಫೋನು. ‘ಮೂರು ದಿನ ನೋಡೋಣ’ ಎನ್ನುವುದು ಗಟ್ಟಿಮುಟ್ಟಾದವರಿಗೆ ಮಾತ್ರ. ಹಿಂದಿನ ಸಲ ಉಳಿದ ಆ್ಯಂಟಿಬಯೋಟಿಕ್ ಅಂತೂ ವೈರಸ್‌ಗೆ ಏನೂ ಮಾಡುವುದಿಲ್ಲ.

ಡಬ್ಬಿಯಲ್ಲಿ ಇನ್ನುಳಿದದ್ದು: ಡಿಜಿಟಲ್ ಥರ್ಮಾಮೀಟರ್ ಮತ್ತು ಅದರ ಬಟನ್ ಸೆಲ್, ಆಕ್ಸಿಮೀಟರ್, ಹತ್ತು ಎನ್95 ಮಾಸ್ಕ್, ಐದಾರು ಓಆರ್‌ಎಸ್ ಪೊಟ್ಟಣ. ಒಂದು ಲೀಟರಿನ ಪೊಟ್ಟಣವನ್ನು ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸಿ ಕದಡಿದರೆ ಉಪ್ಪು ಸಕ್ಕರೆಯ ಪ್ರಮಾಣ ಕೆಡುತ್ತದೆ. ಇಡೀ ಲೀಟರ್ ಕದಡಿ, 24 ಗಂಟೆ ಆದ ಮೇಲೆ ಚೆಲ್ಲಬೇಕು. ಬಾಯಿಗೆ ಸೇರುವುದಾದರೆ ಉಪ್ಪು ಹಾಕಿದ ಗಂಜಿ, ತಿಳಿಸಾರು ಧಾರಾಳವಾಗಿ ಸಾಕು. ಆಕ್ಸಿಮೀಟರ್ ತಣ್ಣಗಿನ ಬೆರಳಿನಲ್ಲಿ ಸುಳ್ಳು ಹೇಳುತ್ತದೆ, ಉಗುರಿಗೆ ಬಣ್ಣವಿದ್ದರೂ ಅಷ್ಟೇ. ಐದು ನಿಮಿಷ ಕೂತು, ಕೈ ಉಜ್ಜಿ ಬೆಚ್ಚಗೆ ಮಾಡಿ, ಅಂಕಿ ನಿಂತ ಮೇಲೆ ಓದಬೇಕು.

ಕಾಯಿಲೆಯವರ ಕೋಣೆಯನ್ನೂ ಮುಂಚೆಯೇ ಗೊತ್ತು ಮಾಡುತ್ತೇವೆ. ಬಚ್ಚಲು ಸೇರಿಕೊಂಡಿರುವ ಕೋಣೆ, ಅಲ್ಲಿ ಎಕ್ಸಾಸ್ಟ್ ಫ್ಯಾನ್. ಸರಿಯಿದೆಯೇ ನೋಡಲು ಒಂದು ಊದಿನಕಡ್ಡಿ ಸಾಕು. ಬಚ್ಚಲ ಬಾಗಿಲು ತೆರೆದು, ಫ್ಯಾನ್ ಹಾಕಿ, ಕೋಣೆಯ ಬಾಗಿಲು ಮುಚ್ಚಿ, ಹಾಲ್‌ನಲ್ಲಿ ಕೂತು ಬಾಗಿಲ ಕೆಳಗಿನ ಸಂದಿಯ ಹತ್ತಿರ ಕಡ್ಡಿ ಹಿಡಿಯಿರಿ. ಹೊಗೆ ಕೋಣೆಯೊಳಕ್ಕೆ ಎಳೆದುಕೊಂಡರೆ ಸರಿ. ಮುಖಕ್ಕೇ ಬಂದರೆ ಕೋಣೆಯ ಗಾಳಿ ಹಾಲ್‌ಗೆ ನುಗ್ಗುತ್ತಿದೆ ಅಂತ. ಮಳೆಗಾಲದ ಗಾಳಿ ಪಡುವಣದಿಂದ ಬೀಸುವುದರಿಂದ ಪಶ್ಚಿಮದ ಕಿಟಕಿಯಿರುವ ಕೋಣೆಯಲ್ಲಿ ಇದು ಸಾಮಾನ್ಯ. ಆ ಕಿಟಕಿಯನ್ನು ನಾಲ್ಕು ಬೆರಳಿಗೆ ಇಳಿಸಿ, ಹಾಲ್‌ನ ಕಿಟಕಿ ಪೂರ್ತಿ ತೆರೆದು ಮತ್ತೆ ಕಡ್ಡಿ ಹಿಡಿಯುತ್ತೇವೆ. ಸ್ಪ್ಲಿಟ್ ಏಸಿ ಇದ್ದ ಗಾಳಿಯನ್ನೇ ತಿರುಗಿಸುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಿಟಕಿಗೆ ಸೊಳ್ಳೆ ಜಾಲರಿ ಇರಲೇಬೇಕು. ಪ್ಯಾರಾಸಿಟಮಾಲ್ ಇಲ್ಲದೆಯೇ 24 ಗಂಟೆ ಜ್ವರ ಬಿಟ್ಟಿರುವವರೆಗೆ ಆ ಕೋಣೆಯೇ ಅವರಿಗೆ.

ಒರೆಸಲು ಸೋಪಿನ ನೀರು ಸಾಕು, ಫ್ಲೂ ವೈರಸ್ಸಿನ ಹೊರಪದರ ಕೊಬ್ಬಿನದು. ಬೋಲ್ಟು, ಸ್ವಿಚ್ಚು, ನಲ್ಲಿ, ರಿಮೋಟು, ಇಷ್ಟು ದಿನಕ್ಕೆರಡು ಸಲ. ಬಿಸಿನೀರಿನ ಪಾತ್ರೆ ಮುಂದಿಟ್ಟು ಮಕ್ಕಳಿಗೆ ಹಬೆ ಕೊಡುವುದನ್ನು ನಾವು ಬಿಟ್ಟಿದ್ದೇವೆ. ಅದರಿಂದ ವೈರಸ್ ಸಾಯುವುದಿಲ್ಲ, ಪಾತ್ರೆ ಮಗುಚಿ ತೊಡೆ ಬೇಯುವುದು ಮಾತ್ರ ಖಂಡಿತ ಉಂಟು. ಒಂದು ವರ್ಷ ದಾಟಿದ ಮಗುವಿನ ಕೆಮ್ಮಿಗೆ ಮಲಗುವ ಮುಂಚೆ ಅರ್ಧ ಚಮಚ ಜೇನುತುಪ್ಪ ಕೊಡುತ್ತೇವೆ, ಅದಕ್ಕಿಂತ ಚಿಕ್ಕದಕ್ಕೆ ಜೇನು ಬೇಡವೇ ಬೇಡ.

ಫ್ರಿಜ್ ಬಾಗಿಲ ಮೇಲೆ ಒಂದು ಹಾಳೆ. ಹೊತ್ತು, ಜ್ವರ, ಕೊಟ್ಟ ಔಷಧಿ, ಆಕ್ಸಿಜನ್, ಮೂತ್ರಕ್ಕೆ ಹೋದದ್ದು, ಹೀಗೆ ಐದು ಗೆರೆ. ರಾತ್ರಿ ಎರಡು ಗಂಟೆಗೆ ಯಾರು ಯಾವಾಗ ಸಿರಪ್ ಕೊಟ್ಟರು ಎನ್ನುವ ಜಗಳ ಇದರಿಂದ ತಪ್ಪುತ್ತದೆ. ಅಡಿಯಲ್ಲಿ ಕೆಂಪಕ್ಷರದಲ್ಲಿ ಆಸ್ಪತ್ರೆಗೆ ಹೊರಡುವ ಗುರುತು: ಏದುಸಿರು, ಎದೆನೋವು, ತುಟಿ ನೀಲಿ, ಆಕ್ಸಿಜನ್ 94ಕ್ಕಿಂತ ಕೆಳಗೆ, ಮಂಪರು, ಎಂಟು ಗಂಟೆಯಿಂದ ಮೂತ್ರವಿಲ್ಲ, ಬಿಟ್ಟ ಜ್ವರ ಮರಳಿ ಜೋರಾಗಿ ಬಂದದ್ದು. ಪಕ್ಕದಲ್ಲೇ 108.

ಡಿಸೆಂಬರ್ ಕೊನೆಯ ವಾರ ಡಬ್ಬಿ ಮತ್ತೆ ಕೆಳಗಿಳಿಯುತ್ತದೆ. ಬಾಯಿ ತೆರೆದ ಸಿರಪ್ ಎಸೆದು ಹೊಸದು ತರುತ್ತೇವೆ. ಏಳು ತಿಂಗಳಲ್ಲಿ ಮಗು ಒಂದೂವರೆ ಕಿಲೋ ಏರಿರುತ್ತದೆ, ಟೇಪ್ ಕಿತ್ತು ಮಿಲಿ ಲೆಕ್ಕ ಹೊಸದಾಗಿ ಬರೆಯಬೇಕು.