ಬುಷ್ ಕೂರಿಸಲು ಲಿಕ್ವಿಡ್ ನೈಟ್ರೋಜನ್: ನನ್ನ ಅನುಭವ

ಸಂಡೂರು ಗಣಿಗಳ ಎಕ್ಸ್‌ಕವೇಟರ್‌ಗಳಿಂದಲೇ ಹೊಸಪೇಟೆಯ ನಮ್ಮ ವರ್ಕ್‌ಶಾಪಿನ ಹೊಟ್ಟೆಪಾಡು. ಬೂಮ್ (ಎತ್ತುವ ತೋಳು), ಬಕೆಟ್ ಇವುಗಳ ಕೀಲಿನಲ್ಲಿ ಪಿನ್ ಸುತ್ತ ಕೂರುವ ಲೋಹದ ಬಳೆಯೇ ಬುಷ್. ಅದು ಸವೆದರೆ ಹೊಸದು ಕೂರಿಸಲು ಎಲ್ಲರದ್ದೂ ಒಂದೇ ದಾರಿ. ಜಾಕ್ ಹಾಕಿ ಒತ್ತುವುದು, ಜಗ್ಗದಿದ್ದರೆ ಸುತ್ತಿಗೆ. ಬುಷ್ ಸೊಟ್ಟಗಾಗುತ್ತದೆ, ಅದು ಕೂರುವ ತೂತು, ಅಂದರೆ ಬೋರ್, ಕೆರೆಯುತ್ತದೆ, ಮತ್ತೆ ಅದನ್ನು ಸರಿಯಾಗಿ ಕೊರೆಸುವ ಲೈನ್ ಬೋರಿಂಗ್ ಖರ್ಚು. ನೈಟ್ರೋಜನ್‌ನಲ್ಲಿ ಅದ್ದಿ, ಬುಷ್ ಕುಗ್ಗಿದಾಗ ಕೂರಿಸುತ್ತೇನೆ, ಬಿಸಿಯಾದ ಮೇಲೆ ಅದೇ ಹಿಗ್ಗಿ ಬಿಗಿಯಾಗುತ್ತದೆ ಅಂದಾಗ, "ಹಸುಗೆ ಸೂಜಿ ಹಾಕೋರ ಕ್ಯಾನ್ ತಂದು ಬುಷ್ ಹಾಕ್ತಾನಂತೆ" ಅಂತ ಪಕ್ಕದ ಶೆಡ್ಡಿನವರು ನಕ್ಕರು (ಹಸುಗಳ ಕೃತಕ ಗರ್ಭಧಾರಣೆಯ ವೀರ್ಯ ಇಡುವುದೂ ಇಂಥದೇ ನೈಟ್ರೋಜನ್ ಕ್ಯಾನಿನಲ್ಲಿ). ಈಗ ಅವರೇ ಬುಷ್ ಹಿಡಿದುಕೊಂಡು ಬರುತ್ತಾರೆ.

ಮೊದಲು ಡೀಪ್ ಫ್ರೀಜರ್ ನೋಡಿದೆ. 100 ಮಿ.ಮೀ. ಸ್ಟೀಲ್ ಬುಷ್ 50-60 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಕುಗ್ಗಬಹುದು ಅಷ್ಟೆ. ನಮ್ಮ ಫಿಟ್ಟೇ 80-90 ಮೈಕ್ರಾನ್ ಟೈಟ್, ಅಂದರೆ ಬೋರಿಗಿಂತ ಬುಷ್ ಅಷ್ಟು ದಪ್ಪ, ಅಲ್ವಾ? ಸುಮ್ನೆ ಕರೆಂಟು ದಂಡ. ಆಮೇಲೆ ಡ್ರೈ ಐಸ್, ಅಂದರೆ ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್, -78 ಡಿಗ್ರಿ. ಲೆಕ್ಕದಲ್ಲಿ 110-120 ಮೈಕ್ರಾನ್ ಕುಗ್ಗಬೇಕು. ಆದರೆ ಪೆಟ್ಟಿಗೆಯಿಂದ ತೆಗೆದು ಬೋರ್‌ಗೆ ಒಯ್ಯುವಷ್ಟರಲ್ಲಿ ಮೈಮೇಲೆ ಬೆಳ್ಳಗೆ ಹಿಮ ಕೂತಿತು. ಅರ್ಧ ಒಳಗೆ ಹೋಗಿ ಕಚ್ಚಿಕೊಂಡಿತು. ಕೊರೆದು ತೆಗೆಯುವುದಕ್ಕೆ, ಹೊಸ ಬುಷ್‌ಗೆ ಎಲ್ಲ ಸೇರಿ ಹದಿನೈದು ಸಾವಿರ ಹೋಗಿರಬೇಕು.

ನೈಟ್ರೋಜನ್ -196 ಡಿಗ್ರಿ. ಅದೇ ಬುಷ್ ಹತ್ತಿರ ಹತ್ತಿರ 200 ಮೈಕ್ರಾನ್ ಕುಗ್ಗುತ್ತದೆ. ಕೈಯಲ್ಲೇ ಇಳಿಯುತ್ತದೆ. ಆದರೆ ಕ್ಯಾನ್ ವಿಷಯದಲ್ಲಿ ಸರಿಯಾಗಿ ಪೆಟ್ಟು ತಿಂದೆ. ಸೆಕೆಂಡ್ ಹ್ಯಾಂಡ್ 35 ಲೀಟರಿನದು ಹದಿನಾಲ್ಕು ಸಾವಿರಕ್ಕೆ ಸಿಕ್ಕಿತು. ಸಂಜೆ ತುಂಬಿಸಿಟ್ಟರೆ ಬೆಳಿಗ್ಗೆ ಹೊರಮೈಯೆಲ್ಲ ಬೆವರು, ಕತ್ತಿನ ಸುತ್ತ ಹಿಮ. ಕ್ಯಾನಿನ ಎರಡು ಗೋಡೆಗಳ ನಡುವಿನ ವ್ಯಾಕ್ಯೂಮ್ ಹೋಗಿತ್ತು. ಮೂರ್ನಾಲ್ಕು ದಿನದಲ್ಲಿ ಪೂರ್ತಿ ಖಾಲಿ. ಆಮೇಲೆ ನಲವತ್ತು ಸಾವಿರದ ಆಸುಪಾಸಿನಲ್ಲಿ ಹೊಸದನ್ನೇ ತಂದೆ. ಇದರಲ್ಲಿ ದಿನಕ್ಕೆ ಕಾಲು ಲೀಟರ್ ಹೋದರೆ ಜಾಸ್ತಿ. ಹಾರಿ ಹೋಗುತ್ತದೆ ಅಂತ ನಮ್ಮ ಹುಡುಗ ಮುಚ್ಚಳಕ್ಕೆ ಟೇಪ್ ಸುತ್ತಲು ಹೊರಟಿದ್ದ. ಒಂದು ಲೀಟರ್ ಸುಮಾರು 700 ಲೀಟರ್ ಗ್ಯಾಸ್ ಆಗುತ್ತದೆ ಮಾರಾಯಾ, ಬಾಂಬ್ ಮಾಡುತ್ತೀಯಾ ಅಂದೆ. ಶೆಡ್ಡಿನ ಬಾಗಿಲೂ ತೆರೆದೇ ಇರಬೇಕು. ಉಸಿರುಕಟ್ಟುವುದು ಗೊತ್ತೇ ಆಗುವುದಿಲ್ಲ.

ಅದ್ದಲು ಮೊದಲು ಪ್ಲಾಸ್ಟಿಕ್ ಬಕೆಟ್ ಇಟ್ಟಿದ್ದೆ, ಫಟ್ ಅಂತ ಸೀಳಿತು. ಈಗ ದಪ್ಪ ಥರ್ಮೋಕೋಲ್ ಪೆಟ್ಟಿಗೆಯೊಳಗೆ ಸ್ಟೀಲ್ ಪಾತ್ರೆ. ಬುಷ್ ಇಳಿಸಿದ ಮೇಲೆ ಗಡಿಯಾರ ನೋಡಬೇಡಿ, ಕುದಿತ ನೋಡಿ. ಮೊದಲು ಒಂದೇ ಸಮ ಕುದಿಯುತ್ತದೆ. ಕೊನೆಗೆ ಇದ್ದಕ್ಕಿದ್ದಂತೆ ಭೋರ್ ಎಂದು ಉಕ್ಕಿ, ತಟ್ಟನೆ ಸುಮ್ಮನಾಗುತ್ತದೆ. ಆಗ ಎತ್ತಬೇಕು. ಎತ್ತಿದ ಮೇಲೆ ಅರ್ಧ ನಿಮಿಷದೊಳಗೆ ಒಳಗಿರಬೇಕು. ತಣ್ಣಗಿರುವಾಗ ಸುತ್ತಿಗೆ ಮುಟ್ಟಿಸಲೇಬೇಡಿ, ಗಾಜಿನಂತೆ ಒಡೆಯಬಹುದು. ಹಿಮ ಕೂರದಂತೆ ಏನು ಮಾಡುತ್ತೇನೆ, ಇಕ್ಕಳ ಹೇಗೆ ಮಾಡಿಸಿದ್ದೇನೆ ಎನ್ನುವುದನ್ನು ಮಾತ್ರ ಹೇಳುವುದಿಲ್ಲ. ಅದು ನಮ್ಮ ಅಂಗಡಿಯ ಗುಟ್ಟು.

ಖರ್ಚು? ಕೇಜಿ ಸ್ಟೀಲಿಗೆ ಲೆಕ್ಕದ ಪ್ರಕಾರ ಅರ್ಧ ಲೀಟರ್, ಚೆಲ್ಲಿದ್ದು ಹಾರಿದ್ದು ಸೇರಿ ಒಂದು ಲೀಟರ್ ಇಟ್ಟುಕೊಳ್ಳಿ. ನನಗೆ ಲೀಟರ್ ಎಪ್ಪತ್ತು ರೂಪಾಯಿ ಬೀಳುತ್ತದೆ. ಎರಡು ಕೇಜಿ ಬುಷ್‌ಗೆ ನೂರೈವತ್ತು. ಇಡೀ ದಿನ ಹಿಡಿಯುತ್ತಿದ್ದ ಸೆಟ್ ಈಗ ಮಧ್ಯಾಹ್ನದ ಊಟದೊಳಗೆ ಮುಗಿಯುತ್ತದೆ.

ಕ್ಯಾನ್ ಇದೆಯಲ್ಲ ಅಂತ ಡ್ರಿಲ್ ಬಿಟ್‌ಗಳನ್ನೂ ರಾತ್ರಿಯಿಡೀ ಅದ್ದಿಟ್ಟು ನೋಡಿದೆ. ಬಾಳಿಕೆ ಹೆಚ್ಚಿದ್ದು ನನ್ನ ಕಣ್ಣಿಗಂತೂ ಕಾಣಲಿಲ್ಲ. ಬ್ರೇಜ್ ಮಾಡಿದ, ಅಂದರೆ ಬೆಸೆದು ಅಂಟಿಸಿದ, ಕಾರ್ಬೈಡ್ ಟೂಲಿನ ತುದಿ ಕಳಚಿ ಬಿತ್ತು. ಒಂದು ಮಾತ್ರ ಕಲಿತೆ: ಹಾರ್ಡ್ ಮಾಡಿದ ಕೆಲವು ಬುಷ್‌ಗಳು ತಣ್ಣಗಾಗಿ ಮತ್ತೆ ಮಾಮೂಲಿ ಬಿಸಿಗೆ ಬಂದಾಗ ನಾಲ್ಕೈದು ಮೈಕ್ರಾನ್ ದಪ್ಪವಾಗಿರುತ್ತವೆ. ಫಿಟ್ ಲೆಕ್ಕ ಹಾಕುವಾಗ ಅದನ್ನೂ ಸೇರಿಸಿಕೊಳ್ಳಿ.

ಈಗ ಕ್ರಷರ್‌ನವರು ಕಂಚಿನ ಬುಷ್ ತಂದು ಹಾಕಿದ್ದಾರೆ, ನಲವತ್ತು ಕೇಜಿಯದ್ದು. ಕಂಚು ಸ್ಟೀಲಿಗಿಂತ ಒಂದೂವರೆ ಪಟ್ಟು ಕುಗ್ಗುತ್ತದೆ, ಹಾಗಾಗಿ ಫಿಟ್ಟಿನ ಚಿಂತೆಯಿಲ್ಲ. ಒಂದು ಕ್ಯಾನ್ ಸಾಲುವುದಿಲ್ಲ. ಗ್ಯಾಸ್ ಡೀಲರ್‌ಗೆ ಇನ್ನೊಂದಕ್ಕೆ ಹೇಳಿದ್ದೇನೆ, ಬಾಡಿಗೆ ಇನ್ನೂ ಕುದುರಿಲ್ಲ.