ಬೀರುವಿನ ಬೀಗದ ಕೈ ಬಂದ ಮೇಲೆ: ಮಾನವಿಕ ವಿಭಾಗದ ಲೆಕ್ಕ, ಕಡತ ನಿಭಾಯಿಸುವುದು ಹೇಗೆ?

ವಿಭಾಗದ ಅಧ್ಯಕ್ಷತೆ ಸರದಿಯಲ್ಲಿ ಬರುತ್ತದೆ. ಸಹೋದ್ಯೋಗಿಗಳು ಹಾರ ಹಾಕಿ, ಕಾಫಿ ಕೊಟ್ಟು, ಬೀರುವಿನ ಬೀಗದ ಕೈಗೊಂಚಲನ್ನು ಮುಂದಿಡುತ್ತಾರೆ. ನಿನ್ನೆಯವರೆಗೆ ಹಳಗನ್ನಡ ಕಾವ್ಯ ಪಾಠ ಮಾಡಿದವರು, ಶಾಸನ ಓದಿದವರು, ಇಂದಿನಿಂದ ಮುಂಗಡ, ದರಪಟ್ಟಿ, ದಾಸ್ತಾನು ವಹಿಗಳ ಮುಂದೆ ಕೂರಬೇಕು. ಇದನ್ನು ಯಾವ ಎಂ.ಎ. ತರಗತಿಯಲ್ಲೂ ಕಲಿಸುವುದಿಲ್ಲ. ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯವೊಂದರ ಕನ್ನಡ ವಿಭಾಗದಲ್ಲಿ ಎರಡು ಅವಧಿಗೆ ಈ ಹೊಣೆ ಹೊತ್ತಾಗ ನಾನು ಕಂಡದ್ದು ಇಷ್ಟು: ನಮ್ಮ ವಿಭಾಗಗಳ ಹಣ ಕಳ್ಳತನದಿಂದ ಹೋಗುವುದು ಅಪರೂಪ. ಕಾಗದ ತಡವಾದದ್ದರಿಂದಲೇ ಹೆಚ್ಚು ಹೋಗುತ್ತದೆ. ಬಂದ ಅನುದಾನ ಬಳಕೆಯಾಗದೆ ಹಿಂದಿರುಗುತ್ತದೆ, ಆ ವರ್ಷದ ವಿದ್ಯಾರ್ಥಿಗಳಿಗೆ ಕ್ಷೇತ್ರಕಾರ್ಯ ತಪ್ಪುತ್ತದೆ.

ಮೊದಲ ದಿನ: ಎಣಿಸದೆ ಸಹಿ ಹಾಕಬೇಡಿ

ಪ್ರಭಾರ ವಹಿಸಿಕೊಳ್ಳುವಾಗ ಹಿಂದಿನ ಅಧ್ಯಕ್ಷರಿಂದ ನಾಲ್ಕು ಪಟ್ಟಿಗಳನ್ನು ಬರವಣಿಗೆಯಲ್ಲಿ ಕೇಳಿ: ದಾಸ್ತಾನು ವಹಿಯಲ್ಲಿರುವ ವಸ್ತುಗಳು, ಇನ್ನೂ ತೀರದ ಮುಂಗಡಗಳು, ಚಾಲ್ತಿಯಲ್ಲಿರುವ ಅನುದಾನಗಳ ಮಂಜೂರಾತಿ ಪತ್ರಗಳು, ಉತ್ತರ ಕೊಡಬೇಕಾದ ಲೆಕ್ಕಪರಿಶೋಧನಾ ಆಕ್ಷೇಪಣೆಗಳು. ಕೇಳಲು ಸಂಕೋಚವಾಗುತ್ತದೆ, ಎದುರಿಗಿರುವವರು ನಿಮ್ಮ ಗುರುಗಳೇ ಆಗಿರಬಹುದು. ಆದರೂ ಕೇಳಿ. ವಿಭಾಗದ ಗ್ರಂಥಾಲಯ ಒಂದೇ ದಿನದಲ್ಲಿ ಎಣಿಸಿ ಮುಗಿಯುವಂಥದ್ದಲ್ಲ. ಆದ್ದರಿಂದ ಸಹಿಯ ಕೆಳಗೆ ‘ಪರಿಶೀಲನೆಗೆ ಒಳಪಟ್ಟು’ ಎಂದು ಬರೆದು, ಒಂದು ತಿಂಗಳಲ್ಲಿ ಎಣಿಕೆ ಮುಗಿಸಿ, ಸಿಗದ ಪುಸ್ತಕಗಳ ಪಟ್ಟಿಯನ್ನು ಕುಲಸಚಿವರಿಗೆ ಕಳುಹಿಸಿ. ಕಳುಹಿಸದಿದ್ದರೆ ಮೂವತ್ತು ವರ್ಷಗಳ ಹಿಂದೆ ಕಾಣೆಯಾದ ನಿಘಂಟಿಗೂ ನೀವೇ ಉತ್ತರ ಹೇಳಬೇಕಾಗುತ್ತದೆ.

ಹಣದ ಹುಂಡಿಗಳನ್ನು ಬೇರೆ ಬೇರೆ ಇಡಿ

ವಿಭಾಗಕ್ಕೆ ಹಣ ಒಂದೇ ದಾರಿಯಲ್ಲಿ ಬರುವುದಿಲ್ಲ. ವಿಶ್ವವಿದ್ಯಾಲಯದ ಆಯವ್ಯಯದಿಂದ ಲೇಖನ ಸಾಮಗ್ರಿ, ಸಾದಿಲ್ವಾರು (ಆಗಾಗ ಬರುವ ಚಿಲ್ಲರೆ) ವೆಚ್ಚಗಳಿಗೆ ಸಿಗುವ ಸಣ್ಣ ಮೊತ್ತ ಒಂದು. ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆಯ ಹಣ ಇನ್ನೊಂದು. ಅದಕ್ಕೆ 2013ರ ಕರ್ನಾಟಕ ಅಧಿನಿಯಮವೇ ಇದೆ, ಆ ವಿದ್ಯಾರ್ಥಿಗಳ ಹಣವನ್ನು ವಿಭಾಗದ ಕುರ್ಚಿ, ಪರದೆಗಳಿಗೆ ತಿರುಗಿಸುವುದು ತಪ್ಪು. 1969ರಲ್ಲಿ ಆರಂಭವಾದ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು, 1972ರಲ್ಲಿ ಆರಂಭವಾದ ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತುಗಳಂಥ ಸಂಸ್ಥೆಗಳ ಅನುದಾನ ಮತ್ತೊಂದು. ಒಂದೊಂದಕ್ಕೂ ಪ್ರತ್ಯೇಕ ನಗದು ಪುಸ್ತಕ, ಪ್ರತ್ಯೇಕ ಕಡತ ಇರಲಿ. ಒಂದರ ಹಣ ಇನ್ನೊಂದಕ್ಕೆ ‘ಸದ್ಯಕ್ಕೆ’ ಹೋಯಿತೆಂದರೆ ಲೆಕ್ಕ ಕೆಡುವುದು ಅಲ್ಲಿಂದಲೇ.

ನಮ್ಮ ವಿಭಾಗಗಳಿಗೇ ವಿಶೇಷವಾದದ್ದು ದತ್ತಿನಿಧಿ. ತಾಯಿಯ ಹೆಸರಿನಲ್ಲಿ ಒಂದು ಉಪನ್ಯಾಸ, ಮೇಷ್ಟ್ರ ನೆನಪಿಗೆ ಒಂದು ಚಿನ್ನದ ಪದಕ ಎಂದು ಜನ ಪ್ರೀತಿಯಿಂದ ಕೊಟ್ಟ ಹಣವಿದು. ಮೂಲಧನ ಠೇವಣಿಯಲ್ಲಿರುತ್ತದೆ, ಬಡ್ಡಿಯನ್ನು ಮಾತ್ರ ಖರ್ಚು ಮಾಡಬೇಕು. ಹಿಂದೆ ಇಟ್ಟ 10,000 ರೂಪಾಯಿ ಠೇವಣಿಗೆ ಶೇ 6ರ ಬಡ್ಡಿ ಎಂದರೆ ವರ್ಷಕ್ಕೆ 600 ರೂಪಾಯಿ. ಈ ಹಣದಲ್ಲಿ ಚಿನ್ನದ ಪದಕ ಬರುವುದಿಲ್ಲ, ಉಪನ್ಯಾಸಕರ ಬಸ್ ಚಾರ್ಜೂ ಹುಟ್ಟುವುದಿಲ್ಲ. ಹಾಗೆಂದು ದತ್ತಿಯನ್ನು ಮರೆಯುವುದು ಕೊಟ್ಟವರಿಗೆ ಮಾಡುವ ದ್ರೋಹ. ಮೊದಲು ದತ್ತಿಪತ್ರವನ್ನು ಹುಡುಕಿ ಓದಿ, ದಾನಿ ಏನು ಬಯಸಿದ್ದರು ಎಂಬುದು ಅದರಲ್ಲಿರುತ್ತದೆ. ಆಮೇಲೆ ಕುಟುಂಬದವರಿಗೆ ಪತ್ರ ಬರೆಯಿರಿ. ನಾನು ಬರೆದ ಪತ್ರಗಳಲ್ಲಿ ಅರ್ಧಕ್ಕರ್ಧ ಪತ್ರಗಳಿಗೆ ಒಳ್ಳೆಯ ಉತ್ತರ ಬಂತು. ದಾನಿಯ ಮೊಮ್ಮಗಳೊಬ್ಬರು ಠೇವಣಿಯನ್ನು ಹೆಚ್ಚಿಸಿದರು. ಮೊತ್ತ ಹೆಚ್ಚಿಸಲು ಯಾರೂ ಇಲ್ಲದಿದ್ದರೆ, ಎರಡು ಮೂರು ವರ್ಷಗಳ ಬಡ್ಡಿ ಕೂಡಿಸಿ ಒಮ್ಮೆ ಕಾರ್ಯಕ್ರಮ ಮಾಡಲು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿನ ಒಪ್ಪಿಗೆ ಕೇಳಬಹುದು.

ಬೇಡಿಕೆ ಬರೆಯುವಾಗ

ಮುಂದಿನ ವರ್ಷದ ಆಯವ್ಯಯಕ್ಕೆ ಬೇಡಿಕೆ ಕೇಳಿದಾಗ ‘ಕಳೆದ ವರ್ಷದಂತೆ’ ಎಂದು ಬರೆದು ಕಳುಹಿಸುವ ಅಭ್ಯಾಸ ನಮ್ಮಲ್ಲಿದೆ. ವಿಜ್ಞಾನ ವಿಭಾಗದವರು ಉಪಕರಣದ ಹೆಸರು, ಬೆಲೆ ಬರೆಯುತ್ತಾರೆ. ನಾವೂ ಹಾಗೆಯೇ ಬರೆಯಬೇಕು: ಜಾನಪದ ಕ್ಷೇತ್ರಕಾರ್ಯಕ್ಕೆ ಎರಡು ಧ್ವನಿಮುದ್ರಣ ಯಂತ್ರ, ತಾಳೆಗರಿ ಹಸ್ತಪ್ರತಿಗಳ ಡಿಜಿಟಲೀಕರಣ, ಇಷ್ಟು ನಿಯತಕಾಲಿಕೆಗಳ ಚಂದಾ, ಇಷ್ಟು ವಿದ್ಯಾರ್ಥಿಗಳಿಗೆ ಇಷ್ಟು ದಿನಗಳ ಪ್ರವಾಸ. ‘ಗ್ರಂಥಾಲಯ ಅಭಿವೃದ್ಧಿಗೆ’ ಎಂಬ ಎರಡು ಪದವನ್ನು ಹಣಕಾಸು ಅಧಿಕಾರಿ ಸುಲಭವಾಗಿ ಹೊಡೆದುಹಾಕುತ್ತಾರೆ, ಐವತ್ತು ಪುಸ್ತಕಗಳ ಪಟ್ಟಿಯನ್ನು ಅಷ್ಟು ಸುಲಭವಾಗಿ ಹೊಡೆದುಹಾಕಲಾರರು.

ವಿಚಾರ ಸಂಕಿರಣ: ಆದೇಶ ಮೊದಲು, ಖರ್ಚು ಆಮೇಲೆ

ಹೆಚ್ಚಿನ ತೊಡಕು ಹುಟ್ಟುವುದು ಇಲ್ಲಿಯೇ. ಉತ್ಸಾಹದಲ್ಲಿ ಆಹ್ವಾನ ಪತ್ರಿಕೆ ಅಚ್ಚಾಗಿರುತ್ತದೆ, ಮಂಜೂರಾತಿ ಆದೇಶ ಇನ್ನೂ ಬಂದಿರುವುದಿಲ್ಲ. ಆದೇಶದ ದಿನಾಂಕಕ್ಕಿಂತ ಹಿಂದಿನ ಒಂದು ಬಿಲ್ ಇದ್ದರೂ ‘ಘಟನೋತ್ತರ ಮಂಜೂರಾತಿ’ ಬೇಕಾಗುತ್ತದೆ, ಅದು ತಿಂಗಳುಗಟ್ಟಲೆ ಅಲೆಸುತ್ತದೆ. ಆದೇಶದ ಪ್ರತಿಯನ್ನು ಕಡತದ ಮೊದಲ ಪುಟವಾಗಿ ಇಡಿ. ಊಟ, ಪ್ರಯಾಣ, ಗೌರವಧನ, ಮುದ್ರಣ ಎಂದು ಅದರಲ್ಲಿ ಹಂಚಿದ ಮೊತ್ತವನ್ನು ಮೀರುವ ಸಂದರ್ಭ ಬಂದರೆ ಖರ್ಚಿಗೆ ಮೊದಲೇ ಬರೆದು ಅನುಮತಿ ಪಡೆಯಿರಿ.

ಮುಂಗಡವನ್ನು ಆದಷ್ಟು ಕಡಿಮೆ ತೆಗೆದುಕೊಳ್ಳಿ. ಮುದ್ರಕರಿಗೆ, ಅಡುಗೆಯವರಿಗೆ ಹಣ ನೇರವಾಗಿ ಅವರ ಬ್ಯಾಂಕ್ ಖಾತೆಗೆ ಹೋಗಲಿ. ನಿಮ್ಮ ಹೆಸರಿನ ಮುಂಗಡ ಹೂವು, ಆಟೊ, ಕಾಫಿಗೆ ಸಾಕು. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಸಂಕಿರಣಕ್ಕೆ ಪಡೆದ ಮುಂಗಡದ ಲೆಕ್ಕ ಒಪ್ಪಿಸಿದ್ದರು. ಸ್ವೀಕೃತಿ ಮಾತ್ರ ಪಡೆದಿರಲಿಲ್ಲ. ವರ್ಷಗಳ ನಂತರ ನಿವೃತ್ತರಾದಾಗ ಬಾಕಿ ಏನೂ ಇಲ್ಲವೆಂಬ ಬೇಬಾಕಿ ಪ್ರಮಾಣಪತ್ರ ಸಿಗದೆ ಪಿಂಚಣಿ ಕಾಗದಗಳು ನಿಂತವು. ಅಷ್ಟು ಓದಿದ ಮನುಷ್ಯ ಹಳೆಯ ವೋಚರ್‌ಗಳನ್ನು ಹುಡುಕುತ್ತಾ ಉಗ್ರಾಣದ ದೂಳಿನಲ್ಲಿ ಕೂತದ್ದನ್ನು ನೋಡಿದ ದಿನ ನಾನೊಂದು ಪಾಠ ಕಲಿತೆ: ಯಾವ ಕಾಗದ ಕೊಟ್ಟರೂ ಇನ್ನೊಂದು ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಂಡೇ ಮೇಜು ಬಿಡಬೇಕು.

ಸಂಕಿರಣದ ದಿನ ನೋಂದಣಿ ಮೇಜಿನ ಪಕ್ಕ ಇನ್ನೊಂದು ಮೇಜು ಹಾಕಿ, ಸಂಶೋಧನಾ ವಿದ್ಯಾರ್ಥಿಗಳಿಬ್ಬರನ್ನು ಕೂರಿಸಿ. ಉಪನ್ಯಾಸಕರು ಬಂದ ಕೂಡಲೇ ಬ್ಯಾಂಕ್ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ, ಪ್ಯಾನ್ ಪ್ರತಿ, ಪ್ರಯಾಣದ ಟಿಕೆಟ್, ಗೌರವಧನದ ರಶೀದಿಗೆ ಸಹಿ, ಎಲ್ಲವೂ ಅಲ್ಲಿಯೇ ಆಗಲಿ. ನಗದು ಕೊಡುವುದಾದರೆ 5,000 ರೂಪಾಯಿ ಮೀರಿದ ರಶೀದಿಗೆ 1 ರೂಪಾಯಿಯ ರೆವೆನ್ಯೂ ಸ್ಟ್ಯಾಂಪ್ ಬೇಕು. ಒಂದು ಹಾಳೆ ಮೊದಲೇ ತಂದಿಡಿ. ಕಲಬುರಗಿಯಿಂದ ಬಂದ ವಿದ್ವಾಂಸರು ಊರು ಮುಟ್ಟಿದ ಮೇಲೆ ಟಿಕೆಟ್ ಕೇಳಿ ಫೋನ್ ಮಾಡುವುದು ಇಬ್ಬರಿಗೂ ಮುಜುಗರ.

ಊಟದ ಬಿಲ್ಲಿನ ಎಲೆ ಲೆಕ್ಕಕ್ಕೂ ಹಾಜರಿ ಹಾಳೆಯ ಸಹಿಗಳಿಗೂ ತಾಳೆಯಾಗಬೇಕು. 120 ಊಟ, 84 ಸಹಿ ಎಂದಿದ್ದರೆ ಲೆಕ್ಕಪರಿಶೋಧಕರ ಪೆನ್ಸಿಲ್ ಅಲ್ಲೇ ನಿಲ್ಲುತ್ತದೆ. ಬಡಿಸಿದವರು, ಸ್ವಯಂಸೇವಕರು, ಚಾಲಕರು ಎಂದು ಉಳಿದವರ ಪಟ್ಟಿಯನ್ನೂ ಅಂದೇ ಬರೆಸಿ. ಲೆಕ್ಕವನ್ನು ಒಂದು ವಾರದೊಳಗೆ ಒಪ್ಪಿಸಿ. ಹಲವು ಅನುದಾನಗಳಲ್ಲಿ ಕೊನೆಯ ಕಂತು ಬರುವುದು ವರದಿ, ಲೆಕ್ಕ ತಲುಪಿದ ಮೇಲೆಯೇ.

ಖರೀದಿ

1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ವಿಶ್ವವಿದ್ಯಾಲಯಕ್ಕೂ ಅನ್ವಯಿಸುತ್ತದೆ. ಎಷ್ಟು ಮೊತ್ತದವರೆಗೆ ದರಪಟ್ಟಿ ಸಾಕು, ಎಷ್ಟು ಮೀರಿದರೆ ಟೆಂಡರ್ ಬೇಕು ಎಂಬ ಈಗಿನ ಮಿತಿಯನ್ನು ಹಣಕಾಸು ವಿಭಾಗದಿಂದ ಬರೆಯಿಸಿಕೊಳ್ಳಿ. ಮಿತಿ ತಪ್ಪಿಸಲು ಒಂದೇ ಖರೀದಿಯನ್ನು ಎರಡು ಬಿಲ್ಲುಗಳಾಗಿ ಒಡೆಯಬೇಡಿ. ಬಿಲ್ ಕೈಗೆ ಬಂದಾಗ ಜಿಎಸ್‌ಟಿ ನೋಂದಣಿ ಸಂಖ್ಯೆ ನೋಡಿ: ಅದು 15 ಅಕ್ಷರಗಳದ್ದು, ಕರ್ನಾಟಕದ ವ್ಯಾಪಾರಿಯದಾದರೆ 29ರಿಂದ ಆರಂಭವಾಗುತ್ತದೆ. ಮುದ್ರಿತ ಪುಸ್ತಕಗಳಿಗೆ ಜಿಎಸ್‌ಟಿ ಇಲ್ಲ; ಪುಸ್ತಕದ ಬಿಲ್ಲಿನಲ್ಲಿ ತೆರಿಗೆ ಕಂಡರೆ ಹಿಂದಿರುಗಿಸಿ. ದಾಸ್ತಾನು ವಹಿಯ ಪುಟ ಸಂಖ್ಯೆಯನ್ನು ಬಿಲ್ಲಿನ ಮೇಲೆ ನಮೂದಿಸಿದ ನಂತರವೇ ಪಾವತಿಗೆ ಕಳುಹಿಸಿ.

ಅತಿಥಿ ಉಪನ್ಯಾಸಕರ ಗೌರವಧನ

ಉಳಿದ ಕೆಲಸ ಒಂದು ದಿನ ತಡವಾದರೆ ಕಡತ ಕಾಯುತ್ತದೆ. ಇದು ತಡವಾದರೆ ಒಂದು ಮನೆಯ ಬಾಡಿಗೆ ಕಾಯುತ್ತದೆ. ಪಾಠದ ದೊಡ್ಡ ಪಾಲನ್ನು ಹೊತ್ತವರು ತಿಂಗಳುಗಟ್ಟಲೆ ಗೌರವಧನವಿಲ್ಲದೆ ದುಡಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಷ್ಟೋ ಬಾರಿ ಬಿಲ್ ನಿಂತಿರುವುದು ವಿಭಾಗದ ಮೇಜಿನ ಮೇಲೆಯೇ, ಒಂದು ಸಹಿಗಾಗಿ. ವೇಳಾಪಟ್ಟಿ ಮತ್ತು ಕಾರ್ಯಭಾರದ ಅನುಮೋದನೆಯನ್ನು ಸೆಮಿಸ್ಟರ್ ಆರಂಭಕ್ಕೆ ಮೊದಲೇ ಪಡೆಯಿರಿ. ಹಾಜರಿ ಪುಸ್ತಕಕ್ಕೆ ಪ್ರತಿ ಶನಿವಾರ ಸಹಿ ಹಾಕಿ. ತಿಂಗಳ ಕೊನೆಯ ಕೆಲಸದ ದಿನ ಬಿಲ್ ಸಿದ್ಧವಾಗಲಿ, ಮರುದಿನ ಹಣಕಾಸು ವಿಭಾಗ ತಲುಪಲಿ. ಅಲ್ಲಿ ನಿಂತರೆ ನೀವೇ ಎದ್ದು ಹೋಗಿ ಕೇಳಿ. ಅತಿಥಿ ಉಪನ್ಯಾಸಕರನ್ನು ಕಿಟಕಿಯ ಮುಂದೆ ನಿಲ್ಲಿಸಬೇಡಿ.

ಮಾರ್ಚ್ ಮತ್ತು ಅದರ ನಂತರ

ಮಾರ್ಚ್ ಕೊನೆಗೆ ಆರ್ಥಿಕ ವರ್ಷ ಮುಗಿಯುತ್ತದೆ. ಆದ್ದರಿಂದ ಜನವರಿಯಲ್ಲಿಯೇ ಪ್ರತಿ ಲೆಕ್ಕಶೀರ್ಷಿಕೆಯಲ್ಲಿ (ವೆಚ್ಚದ ಬಾಬಿನಲ್ಲಿ) ಎಷ್ಟು ಉಳಿದಿದೆ ಎಂದು ವಿಭಾಗದ ಸಭೆಯಲ್ಲಿ ಓದಿ ಹೇಳಿ, ನಡಾವಳಿಯಲ್ಲಿ ಬರೆಯಿಸಿ. ಎಲ್ಲರಿಗೂ ಗೊತ್ತಿರುವ ಹಣಕ್ಕೆ ಅನುಮಾನ ಅಂಟುವುದಿಲ್ಲ, ಒಳ್ಳೆಯ ಸಲಹೆಗಳೂ ಬರುತ್ತವೆ. ಕೇಂದ್ರದ ಅನುದಾನಕ್ಕೆ ಹಣ ಬಳಕೆ ಪ್ರಮಾಣಪತ್ರವನ್ನು 2017ರ ಸಾಮಾನ್ಯ ಹಣಕಾಸು ನಿಯಮಗಳ ನಮೂನೆ 12-ಎಯಲ್ಲಿ ಕೊಡಬೇಕು. ಅನುದಾನದ ಹಣ ಬ್ಯಾಂಕಿನಲ್ಲಿದ್ದು ಬಂದ ಬಡ್ಡಿ ವಿಭಾಗದ್ದಲ್ಲ, ಅದನ್ನು ಭಾರತದ ಸಂಚಿತ ನಿಧಿಗೆ ಹಿಂದಿರುಗಿಸಬೇಕು. ಹೊಸಬರು ಇದನ್ನು ಮರೆಯುವುದು ಬಹಳ.

ಲೆಕ್ಕಪರಿಶೋಧನಾ ಆಕ್ಷೇಪಣೆ ಬಂದರೆ ಅದನ್ನು ಅವಮಾನವೆಂದು ತಿಳಿಯಬೇಡಿ. ಪ್ರಶ್ನೆಯನ್ನು ಪಠ್ಯದಂತೆ ಓದಿ, ಕೇಳಿದ್ದಕ್ಕಷ್ಟೇ ಕಡತದ ಪುಟ ಸಂಖ್ಯೆ ಸಹಿತ ಉತ್ತರ ಬರೆಯಿರಿ. ದಾಖಲೆ ಇಲ್ಲದಿದ್ದರೆ ಇಲ್ಲವೆಂದೇ ಬರೆಯಿರಿ. ಹಿಂದಿನ ದಿನಾಂಕ ಹಾಕಿ ಕಾಗದ ಸೃಷ್ಟಿಸಿದರೆ ಸಣ್ಣ ಲೋಪ ದೊಡ್ಡ ಅಪರಾಧವಾಗುತ್ತದೆ.

ಅವಧಿ ಮುಗಿಯುವ ಎರಡು ತಿಂಗಳ ಮೊದಲು, ಮುಂದೆ ಬರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ನಾಲ್ಕು ಪಟ್ಟಿಗಳನ್ನು ನೀವೇ ಸಿದ್ಧಪಡಿಸಿ. ಪ್ರತಿ ಕಡತದ ರಟ್ಟಿನ ಒಳಬದಿಗೆ ಒಂದು ಚೀಟಿ ಅಂಟಿಸಿ: ಈ ಕೆಲಸ ಎಲ್ಲಿಗೆ ಬಂದಿದೆ, ಮುಂದಿನ ಕಾಗದ ಯಾರಿಗೆ ಹೋಗಬೇಕು, ಯಾವ ದಿನಾಂಕದೊಳಗೆ.